ಹಳ್ಳ ಮುಚ್ಚುವ ಠರಾವು

ನನ್ನನ್ನು ಮಂಡಲ ಪಂಚಾಯಿತಿಗೆ ಆರಿಸಿ ಕಳಿಸಿದ್ದು ಸುಮ್ಮನೆ ಕೂರಲಿ ಎಂದೇ. ಎಂಬತ್ತರ ದಶಕದ ಕೊನೆಯ ಮಾತು. ಹೆಂಗಸರಿಗೆ ಮೀಸಲಾತಿ ಬಂದಿತ್ತು, ನಮ್ಮ ಓಣಿಯಲ್ಲಿ ಏಳನೇ ಇಯತ್ತೆ ಮುಗಿಸಿದವಳು ನಾನೊಬ್ಬಳೇ. ಮೊದಲ ವರ್ಷವೆಲ್ಲ ಸಭೆಯ ರಜಿಸ್ಟರ್ ಮನೆಗೇ ಬರುತ್ತಿತ್ತು. ಸಿಪಾಯಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಷ್ಟರಲ್ಲಿ, ರೊಟ್ಟಿ ಬಡಿಯುತ್ತಿದ್ದ ಕೈ ಒರೆಸಿಕೊಂಡು ಸಹಿ ಹಾಕಿಬಿಡುತ್ತಿದ್ದೆ. ಏನು ಬರೆದಿದೆ ಎಂದು ಓದುತ್ತಲೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮೂರು ಅಥಣಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ನಮ್ಮಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಹೊಳೆ ಉಕ್ಕಿ ಬರುತ್ತದೆ. ಮಳೆ ಆಗುವುದು ದೂರದ ಮಹಾರಾಷ್ಟ್ರದ ಘಟ್ಟದಲ್ಲಿ. ಬಂದ ಹೊಳೆ ನೇರ ಊರೊಳಗೆ ನುಗ್ಗುವುದಿಲ್ಲ. ಊರ ನಡುವಿನ ಹಳ್ಳದ ಬಾಯಿಗೆ ಬಂದು, ಅದನ್ನು ಹಿಂದಕ್ಕೆ ಹರಿಸುತ್ತದೆ. ಹಳ್ಳದ ಈಚೆ ನಮ್ಮ ಓಣಿ, ಕುರಿ ಸಾಕುವವರು, ಒಂದೆರಡು ಎಕರೆ ಕಬ್ಬಿನವರು. ಆಚೆ ಶಾಲೆ. ಒಂದು ಸಲ ಹೊಳೆ ಬಂದಾಗ ಎರಡು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಸರೆಗೆಂದು ಶಾಲೆಗೆ ಹೊರಟಿದ್ದೆ. ಹಳ್ಳದಲ್ಲಿ ನೀರು ಎದೆಮಟ್ಟಕ್ಕೆ ಬಂದು, ಕಾಲು ನಿಲ್ಲದೆ, ಒಂದು ಜಾಲಿ ಟೊಂಗೆ ಹಿಡಿದು ಹೇಗೋ ಹಿಂದಿರುಗಿದೆ. ಅಂಗೈಯಲ್ಲಿ ಮುಳ್ಳಿನ ಕಲೆ ಇನ್ನೂ ಇದೆ.

ಹಾಗಾಗಿ ಪ್ರವಾಹ ಬರುವ ಮುಂಚೆ ಏನೇನು ಮಾಡಬೇಕೆಂದು ಪಂಚಾಯಿತಿ ಯೋಜನೆ ಮಾಡುತ್ತಿದೆ ಎಂದು ಕೇಳಿದಾಗ, ರಜಿಸ್ಟರ್ ಬರುವ ತನಕ ಕಾಯದೆ ನಾನೇ ಸಭೆಗೆ ಹೋದೆ. ಮಂಡಲದ ಪ್ರಧಾನರು ಗಾಬರಿಯಾಗಿ ಕುರ್ಚಿ ಹುಡುಕಿದರು.

ಯೋಜನೆ ಬರೆದವರು ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಎಂಜಿನಿಯರು. ಸಭ್ಯ ಮನುಷ್ಯ, ಬೇಸಿಗೆಯಲ್ಲಿ ಓಣಿ ಓಣಿ ತಿರುಗಿ ಜನರನ್ನು ಕೇಳಿದ್ದರು. ಗುಮಾಸ್ತ ಓದಿದ: ‘ಹೊಳೆ ದಂಡೆಯ ಓಣಿಯವರು ಶಾಲೆಯಲ್ಲಿ ಆಶ್ರಯ ಪಡೆಯತಕ್ಕದ್ದು. ದಾರಿಯಲ್ಲಿ ಒಂದು ಹಳ್ಳವಿರುವುದಾಗಿ ಜನರು ತಿಳಿಸಿದ್ದು, ಸದರಿ ಹಳ್ಳವನ್ನು ಎರಡು ಟ್ರ್ಯಾಕ್ಟರ್ ಗರಸು ಮಣ್ಣು ಹಾಕಿ ಮುಚ್ಚತಕ್ಕದ್ದು.’

ನಾನು ನಕ್ಕುಬಿಟ್ಟೆ. ಸುತ್ತ ನೋಡಿದರೆ ಬೇರೆ ಯಾರೂ ನಗುತ್ತಿಲ್ಲ.

“ಹಳ್ಳ ಹ್ಯಾಂಗ ಮುಚ್ಚತೀರಿ ಸಾಹೇಬ್ರ?” ಎಂದೆ.

“ಅದೇನು ದೊಡ್ಡ ಹಳ್ಳ ಅಲ್ಲಮ್ಮ, ನಾನೇ ಇಳಿದು ನೋಡಿದ್ದೀನಿ. ಎರಡು ಲೋಡು ಸಾಕು,” ಎಂದರು ಎಂಜಿನಿಯರು.

ಆಗ ನನಗೆ ಗೊತ್ತಾಯಿತು. ಅವರ ಸೀಮೆಯಲ್ಲಿ ಹಳ್ಳ ಎಂದರೆ ತಗ್ಗು, ಗುಂಡಿ. ನಮ್ಮಲ್ಲಿ ಹರಿಯುವ ನೀರು. ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದ ಅದು ಅವರ ಕಣ್ಣಿಗೆ ಗುಂಡಿಯಾಗಿಯೇ ಕಂಡಿತ್ತು.

“ಅದು ತಗ್ಗಲ್ರೀ. ಹರಿಯೂ ಹಳ್ಳ. ಹೊಳಿ ಬಂದ್ರ ಮೊದಲ ತುಂಬೂದ ಅದು. ನೀರಾಗ ಹಾಯ್ದು ಸಾಲಿಗಿ ಹೋಗ್ರಿ ಅನ್ನಾಕತ್ತೀರಿ ನೀವು. ನಮ್ಮ ಓಣಿ ಹಿಂದ ಎತ್ತರದ ಮಡ್ಡಿ ಐತಿ, ಅದರ ಮ್ಯಾಲ ಬೆಲ್ಲದ ಗಾಣದ ಮನಿ ಐತಿ. ಅಲ್ಲಿಗಿ ದಾರಿ ಮಾಡಿಕೊಡ್ರಿ.”

ಎಂಜಿನಿಯರು ಪೆನ್ನು ತೆಗೆದರು. ತಿದ್ದುತ್ತಿದ್ದರೇನೋ. ಪ್ರಧಾನರು ಬಿಡಲಿಲ್ಲ. ನಕಾಶೆ ಆಗಿದೆ, ನಾಳೆಯೇ ಮೇಲಕ್ಕೆ ಕಳಿಸಬೇಕು ಎಂದರು. “ಅಕ್ಕಾರ, ಸಹಿ ಹಾಕ್ರಿ, ಮನಿಗಿ ನಡೀರಿ. ಮುಂದಿನ ವರ್ಷ ನೋಡೂಣಂತ.”

“ಹೊಳಿಗೂ ಹೇಳ್ರಿ, ಮುಂದಿನ ವರ್ಷ ಬಾ ಅಂತ,” ಎಂದೆ.

ಎಲ್ಲರೂ ಸಹಿ ಹಾಕಿದರು. ನನ್ನ ಸರದಿ ಬಂದಾಗ ದಪ್ಪ ಅಕ್ಷರದಲ್ಲಿ ‘ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಹಳ್ಳ ಹರಿಯುತ್ತದೆ’ ಎಂದು ಬರೆದು, ಅದರ ಕೆಳಗೆ ಸಹಿ ಮಾಡಿದೆ. ಠರಾವು ಪಾಸಾಯಿತು. ವಾರದಲ್ಲಿ ಗರಸೂ ಬಿತ್ತು.

ನಾನು ಕೈಕಟ್ಟಿ ಕೂರಲಿಲ್ಲ. ಗಾಣದ ಮನೆ ಊರಿನ ಮುಸಲ್ಮಾನ ರೈತರೊಬ್ಬರದು. ಹೋಗಿ ಕೇಳಿದೆ. “ಕೇಳೂದೇನೈತಿ ತಂಗಿ, ಮಳಿಗಾಲದಾಗ ಗಾಣ ನಿಂತ ಇರ್ತೈತಿ,” ಎಂದರು ಅವರು. ಓಣಿಯ ಹೆಂಗಸರೆಲ್ಲ ಕೂಡಿ ಮಡ್ಡಿಯ ಜಾಲಿ ಕಡಿದು ಕಾಲುದಾರಿ ಮಾಡಿದೆವು. ಯಾರ ಮನೆಯ ಮುದುಕರನ್ನು ಯಾರು ಹೊರಬೇಕು, ಕುರಿ ಮೊದಲೋ ಜೋಳದ ಚೀಲ ಮೊದಲೋ, ಎಲ್ಲ ಜಗಳಾಡಿಯೇ ತೀರ್ಮಾನ ಮಾಡಿದೆವು. ಪಂಚಾಯಿತಿಯ ಕಾಗದದಲ್ಲಿ ಇದ್ಯಾವುದೂ ಇರಲಿಲ್ಲ.

ಆ ಶ್ರಾವಣದಲ್ಲಿ ಹೊಳೆ ಬಂತು. ಬೆಳಿಗ್ಗೆ ನೀರು ಹಳ್ಳಕ್ಕೆ ಏರಿತು. ಮಧ್ಯಾಹ್ನದ ಹೊತ್ತಿಗೆ ಗರಸಿನ ಗುರುತೂ ಇರಲಿಲ್ಲ, ಶಾಲೆ ಆಚೆ ದಡದಲ್ಲಿ ಉಳಿದುಹೋಗಿತ್ತು. ನಾವು ಮಡ್ಡಿ ಏರಿದೆವು. ನಮ್ಮ ಅತ್ತೆಯನ್ನು ಹೊರಸಿನ ಮೇಲೆ ಹೊತ್ತು ತಂದರು. ಮಗಳು ಈ ಸಲ ತನ್ನ ಕಾಲಲ್ಲೇ ನಡೆದು ಬಂದಳು. ಗಾಣದ ಮನೆಯ ಬಾಗಿಲಲ್ಲಿ ನಿಂತು ಎರಡೆರಡು ಸಲ ತಲೆ ಎಣಿಸಿದೆ. ಓಣಿಯವರೆಲ್ಲ ಇದ್ದರು.

ನೀರಿಳಿದ ಮೇಲೆ ಎಂಜಿನಿಯರು ತಾವೇ ನಮ್ಮ ಮನೆಗೆ ಬಂದು “ತಪ್ಪಾಯ್ತಮ್ಮ” ಎಂದರು. ಹಾಗೆ ಹೇಳಿದ ಇನ್ನೊಬ್ಬ ಅಧಿಕಾರಿಯನ್ನು ನಾನು ನೋಡಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊಸ ಯೋಜನೆಯಲ್ಲಿ ಮಡ್ಡಿಯ ದಾರಿ, ಗಾಣದ ಮನೆ ಎರಡೂ ಸೇರಿದವು. ಅದನ್ನು ಒಪ್ಪಿಕೊಳ್ಳುವ ಸಭೆಯಲ್ಲಿ ಪ್ರಧಾನರು ಹಳೆಯ ಪುಟ ತೆರೆದು, ಅಂಟಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು, ಬಲು ಮೆತ್ತಗೆ ಹೇಳಿದರು: “ಅಕ್ಕಾರ, ಈಗ ಎಲ್ಲಾ ನೀವಂದಂಗ ಆಗೇತಿ. ಮ್ಯಾಲಿನವರು ನೋಡಿದ್ರ ಚಂದ ಕಾಣೂದಿಲ್ಲ. ನೀವು ಬರೆದದ್ದರ ಮ್ಯಾಲ ಒಂದು ಕಾಗದ ಅಂಟಿಸೂಣೇನ್ರಿ?”

ನಾನು ರಜಿಸ್ಟರನ್ನು ನನ್ನ ಕಡೆ ಎಳೆದುಕೊಂಡೆ.

“ಹಳ್ಳ ಮುಚ್ಚಾಕ ಹೋಗಿದ್ದು ಸಾಲಲಿಲ್ಲೇನ್ರಿ? ಈಗ ಇದನ್ನೂ ಮುಚ್ಚತೀರಿ?”