ನೋವು ದಾಟುವ ಜಾಗ

ಹಾಸನ ಜಿಲ್ಲೆಯ ಶುಶ್ರೂಷಾ ಶಿಕ್ಷಣದ ಮಾತು ಬಂದಾಗಲೆಲ್ಲ ಗೌರವದಿಂದ ನೆನೆಯಬೇಕಾದ ಹೆಸರು, ಮೂವತ್ತೊಂದು ವರ್ಷ ಅಂಗರಚನಾ ಮತ್ತು ಶರೀರಕ್ರಿಯಾ ಶಾಸ್ತ್ರವನ್ನು ಬೋಧಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ನರ್ಸಿಂಗ್ ಕಾಲೇಜಿನ ಉಪನ್ಯಾಸಕಿ ಶ್ರೀಮತಿ ಬಿ. ಶಾಂತಿಯವರದು. ಅವರಿಗಾಗಿ ಹೊರಬರುತ್ತಿರುವ ಈ ಅಭಿನಂದನಾ ಗ್ರಂಥದ ಸಂಪಾದಕ ಮಂಡಳಿಯವರು ಹಳೆಯ ವಿದ್ಯಾರ್ಥಿನಿಯಾದ ನನ್ನಿಂದ ಲೇಖನ ಕೇಳುವಾಗ, ಮೇಡಂ ಅವರ ಸಿಟ್ಟಿನ ಪ್ರಸ್ತಾಪ ಬೇಡವೆಂದು ವಿನಂತಿಸಿದ್ದಾರೆ. ಆ ವಿನಂತಿಯನ್ನು ಪಾಲಿಸಿದರೆ ಲೇಖನ ಇಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಕ್ಷಮೆ ಕೋರಿ ಮುಂದುವರಿಯುತ್ತೇನೆ.

ಅರಕಲಗೂಡು ಕಡೆಯ ಬೈರಯ್ಯ ಮತ್ತು ಲಕ್ಷ್ಮಿದೇವಮ್ಮ ದಂಪತಿಗಳ ಮಗಳಾದ ಮೇಡಂ, ಏಳು ವರ್ಷ ವಾರ್ಡುಗಳಲ್ಲಿ ಶುಶ್ರೂಷಕಿಯಾಗಿ ದುಡಿದು, ೧೯೯೪ರಲ್ಲಿ ಪಾಠದ ಕೊಠಡಿಗೆ ಬಂದವರು. ನಾನು ಹಳ್ಳಿಮೈಸೂರಿನಿಂದ ಬಸ್ಸು ಹತ್ತಿ ಬಂದು ಅವರ ಮುಂದೆ ಕುಳಿತದ್ದು ೨೦೧೨ರಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದ ನನಗೆ ಇಂಗ್ಲಿಷಿನಲ್ಲಿದ್ದ ನರಮಂಡಲದ ಅಧ್ಯಾಯದಲ್ಲಿ ಪೂರ್ಣವಿರಾಮ ಬಿಟ್ಟು ಬೇರೇನೂ ಅರ್ಥವಾಗಿರಲಿಲ್ಲ. ತರಗತಿಯ ನಲವತ್ತು ಜನರೂ ಹಳದಿ ರಟ್ಟಿನ ಒಂದು ಗೈಡನ್ನು ಬಾಯಿಪಾಠ ಮಾಡುತ್ತಿದ್ದೆವು. ಮೇಡಂಗೆ ಆ ಹಳದಿ ಬಣ್ಣ ಕಂಡರೆ ಆಗುತ್ತಿರಲಿಲ್ಲ.

"ಮುಚ್ಚಿ ಅದನ್ನ. ಕಾಲಿಗೆ ಮುಳ್ಳು ಚುಚ್ಚಿತು. ಆ ಸುದ್ದಿ ಮೆದುಳಿಗೆ ಹೆಂಗೆ ಹೋಗುತ್ತೆ, ಬರೆದು ತೋರಿಸಿ."

ಬರೆದೆವು. ಹರಿದು ಹಾಕಿದರು. ಮತ್ತೆ ಬರೆದೆವು. ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಬೆನ್ನುಹುರಿಯ ಚಿತ್ರವನ್ನು ನಾನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಕೈ ನೋಯುತ್ತದೆಂದು ಒಮ್ಮೆ ಗೊಣಗಿದಾಗ, "ನೋಯಲಿ. ಆ ನೋವು ಯಾವ ದಾರೀಲಿ ಹೋಗ್ತಿದೆ ಹೇಳು" ಎಂದರು. ಇಂಥವರನ್ನು ಏನು ಮಾಡುವುದು?

ಕೊನೆಗೆ ಅವರು ನನಗೆ ಅರ್ಥ ಮಾಡಿಸಿದ್ದು ನನ್ನೂರಿನ ರಸ್ತೆಯಿಂದಲೇ. "ಮುಟ್ಟಿದ ಸುದ್ದಿ ಹಳ್ಳಿಮೈಸೂರಲ್ಲಿ ಹೊರಟು ರಸ್ತೆಯ ಅದೇ ಬದೀಲಿ ನೇರವಾಗಿ ಹಾಸನಕ್ಕೆ ಬರುತ್ತೆ, ಬಸ್‌ಸ್ಟ್ಯಾಂಡ್ ಹತ್ರ ಆಚೆ ಬದಿಗೆ ದಾಟುತ್ತೆ. ನೋವು, ಬಿಸಿ ಹಂಗಲ್ಲ. ಹಳ್ಳಿಮೈಸೂರಲ್ಲೇ ರಸ್ತೆ ದಾಟಿ, ಆಚೆ ಬದೀಲಿ ಹಾಸನಕ್ಕೆ ಬರುತ್ತೆ. ರಸ್ತೆ ಅಂದ್ರೆ ಬೆನ್ನುಹುರಿ, ಹಾಸನ ಅಂದ್ರೆ ಮೆದುಳಿನ ಬುಡ, ಮೆಡುಲ್ಲಾ. ತಿಳೀತಾ?" ತಿಳಿಯಿತು. ನಾನು ಅದನ್ನೇ ವಾರ್ಷಿಕ ಪರೀಕ್ಷೆಯಲ್ಲಿ ಬರೆದೆ. ನಾಲ್ಕು ಅಂಕಗಳಲ್ಲಿ ಫೇಲಾದೆ.

ನನ್ನಂತೆಯೇ ಬರೆದಿದ್ದ ಹೊಳೆನರಸೀಪುರದ ಮೇಘಶ್ರೀಯೂ ಫೇಲಾದಳು. ಗೈಡು ಬಾಯಿಪಾಠ ಮಾಡಿದ ಉಳಿದವರೆಲ್ಲ ಪಾಸಾದರು. ಮೇಡಂ ನಮ್ಮ ಉತ್ತರ ಪತ್ರಿಕೆಗಳ ನಕಲನ್ನು ತರಿಸಿದರು. ನನ್ನ ಚಿತ್ರದ ಮೇಲೆ ಕೆಂಪು ಶಾಯಿಯ ದೊಡ್ಡ ಗೀಟು; ಪಕ್ಕದಲ್ಲಿ, ನೋವು ದಾಟುವುದೂ ಮೆಡುಲ್ಲಾದಲ್ಲಿ ಎಂಬ ತಿದ್ದುಪಡಿ. ಗೈಡಿನಲ್ಲಿದ್ದ ತಪ್ಪೇ ಮೌಲ್ಯಮಾಪಕರ ಮಾದರಿ ಉತ್ತರಕ್ಕೂ ಬಂದು ಕುಳಿತಿತ್ತು. ಮೇಡಂ ಆ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಬೈಯದೆ ಕುಳಿತದ್ದನ್ನು ನಾನು ನೋಡಿದ್ದು ಅದೊಂದೇ ದಿನ.

ಮರುದಿನದಿಂದ ಪತ್ರಗಳು ಹೊರಟವು. ಪರೀಕ್ಷಾ ಮಂಡಳಿಯಿಂದ ಬಂದ ಮೊದಲ ಉತ್ತರದಲ್ಲಿ, ಪ್ರಶ್ನೆಯು ಪಠ್ಯಕ್ರಮದ ಒಳಗೇ ಇದೆ ಎಂದಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಎರಡನೆಯದರಲ್ಲಿ ನನ್ನ ಗುರುತಿನ ಚೀಟಿಯ ದೃಢೀಕೃತ ಪ್ರತಿಯನ್ನು ಬೇಡಿದ್ದರು. ಮೂರನೆಯದರಲ್ಲಿ, ಎರಡನೆಯದಕ್ಕೆ ಉತ್ತರವಾಗಿ ನಾವು ಕಳಿಸಿದ್ದ ಪ್ರತಿ ಸ್ಪಷ್ಟವಿಲ್ಲವೆಂದಿದ್ದರು. ಮೇಡಂ ರಜೆ ಹಾಕಿ ಖುದ್ದಾಗಿ ಹೋದರೆ ಕಡತ ಬೇರೆ ಮೇಜಿಗೆ ಹೋಗಿರುತ್ತಿತ್ತು. ಆ ಮೇಜಿನವರು ರಜೆಯಲ್ಲಿರುತ್ತಿದ್ದರು.

ಇಷ್ಟರಲ್ಲಿ ಪೂರಕ ಪರೀಕ್ಷೆ ಬಂತು. ನನ್ನ ತಂದೆ ಕೆಂಪಣ್ಣನವರು ಹಾಸನಕ್ಕೇ ಬಂದು ಮೇಡಂ ಮುಂದೆ ನಿಂತರು. "ನಾವೇನ್ ಓದ್ದೋರಲ್ಲ ಮೇಡಮ್ಮೋರೆ. ಆ ಬುಕ್ಕಲ್ಲಿ ಅದೇನೈತೋ ಅದ್ನೇ ಬರ್ದು ಬರ್ಲಿ ಅನ್ನಿ. ಇನ್ನೊಂದ್ ವರ್ಸ ಹಾಳಾದ್ರೆ ಇವ್ಳ್ ಓದೇ ನಿಂತೋಯ್ತದೆ."

ಮೇಡಂ ನನ್ನ ತಂದೆಯವರ ಮೇಲೆ ಹರಿಹಾಯುತ್ತಾರೆಂದು ನಾನು ನೆಲ ನೋಡುತ್ತಾ ನಿಂತೆ. ಅವರು ತಂದೆಯವರಿಗೆ ಕುರ್ಚಿ ಎಳೆದು ಕೊಟ್ಟು ನನ್ನತ್ತ ತಿರುಗಿದರು.

"ನಿಮ್ಮಪ್ಪ ಹೇಳೋದು ಸರಿ. ಆ ಪ್ರಶ್ನೆ ಬಂದ್ರೆ ಗೈಡಲ್ಲಿರೋದನ್ನೇ ಬರಿ. ವರ್ಷ ನಿಂದು. ಜಗಳ ನಂದು."

"ಅದು ತಪ್ಪಲ್ವಾ ಮೇಡಂ?"

"ತಪ್ಪು ಅಂತ ಗೊತ್ತಿದ್ದು ಬರಿ. ಗೊತ್ತಿಲ್ದೆ ಬರೆದ್ರೆ ನಾನು ಸುಮ್ನಿರಲ್ಲ."

ಆ ಪ್ರಶ್ನೆ ಬಂತು. ನಾನು ತಪ್ಪನ್ನೇ ಬರೆದೆ, ಪಾಸಾದೆ. ಫಲಿತಾಂಶದ ದಿನ ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಮೇಘಶ್ರೀ ಪೂರಕ ಪರೀಕ್ಷೆಗೆ ಕೂರಲೇ ಇಲ್ಲ. ಕಾಲೇಜು ಬಿಟ್ಟು ಹೊಳೆನರಸೀಪುರದ ಬಟ್ಟೆ ಅಂಗಡಿಗೆ ಸೇರಿದಳು.

ನಾನು ಪಾಸಾದ ಮೇಲೆ ಜಗಳ ನಿಲ್ಲಬಹುದೆಂದುಕೊಂಡಿದ್ದೆ. ಅದು ಇನ್ನೂ ಎರಡು ವರ್ಷ ನಡೆಯಿತು. ಸಹೋದ್ಯೋಗಿಗಳು ಸಾಕು ಬಿಡಿ ಎಂದರು. ಪ್ರಾಂಶುಪಾಲರು ಬಾಯಿಮಾತಿನಲ್ಲಿ ಎಚ್ಚರಿಕೆ ಕೊಟ್ಟರು. ಕೊನೆಗೊಂದು ದಿನ ಒಂದೇ ಸಾಲಿನ ಸುತ್ತೋಲೆ ಬಂತು: ಮಾದರಿ ಉತ್ತರವನ್ನು ತಿದ್ದಲಾಗಿದೆ, ಬಾಧಿತರ ಅಂಕಗಳನ್ನು ಮರುಪರಿಶೀಲಿಸಲಾಗಿದೆ. ಅದರಲ್ಲಿ ಮೇಡಂ ಹೆಸರನ್ನು ಶಾಂತಾ ಎಂದು ಅಚ್ಚು ಮಾಡಿದ್ದರು. ಅದನ್ನು ತಿದ್ದಿಸಲು ಇನ್ನೊಂದು ಪತ್ರ ಬರೆಯುತ್ತಾರೇನೋ ಎಂದು ನಮಗೆಲ್ಲ ದಿಗಿಲಾಯಿತು. ಅವರು ಬರೆಯಲಿಲ್ಲ. ಆ ಸುತ್ತೋಲೆಯನ್ನು ಮಡಚಿ ಕೈಚೀಲದಲ್ಲಿಟ್ಟುಕೊಂಡು ನೇರವಾಗಿ ಹೊಳೆನರಸೀಪುರದ ಬಸ್ಸು ಹತ್ತಿದರು. ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, "ಮೇಘಶ್ರೀ, ನೀನು ಪಾಸಾಗಿದ್ದೀಯ. ಸೀರೆ ಮಡಚಿಟ್ಟು ಬಾ" ಎಂದರಂತೆ. ಮೇಘಶ್ರೀ ಇಂದು ಅರಕಲಗೂಡಿನಲ್ಲಿ ಶುಶ್ರೂಷಾಧಿಕಾರಿ.

ಈ ಜಗಳದ ಬೆಲೆ ನನಗೆ ತಿಳಿದದ್ದು ನಾಲ್ಕು ವರ್ಷಗಳ ಹಿಂದೆ. ಆಗ ನಾನು ಚನ್ನರಾಯಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಐವತ್ತು ದಾಟಿದ ಚಿಕ್ಕಲಕ್ಷ್ಮಮ್ಮ ಎಂಬವರು ಸುಟ್ಟ ಪಾದಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದರು.

"ಬಲಗಾಲು ಎತ್ತಾಕೇ ಆಗಾಕಿಲ್ಲ ಕಣವ್ವ, ತಿಂಗ್ಳಾಯ್ತು. ಎಡಗಾಲ್ ಮ್ಯಾಲೆ ಹಂಡೆ ನೀರು ಬಿತ್ತು. ಬೊಬ್ಬೆ ಎದ್ದ್ ಮ್ಯಾಲೇ ಗೊತ್ತಾಗಿದ್ದು. ಮನೇಲಿ ನಾಟ್ಕ ಆಡ್ತಾಳೆ ಅಂತಾರೆ."

ಕರ್ತವ್ಯದಲ್ಲಿದ್ದ ಯುವ ವೈದ್ಯ ನಟರಾಜ ಅವರಿಗೂ ಅದು ನಾಟಕದಂತೆಯೇ ಕಂಡಿತು. "ಸೋತಿರೋದು ಬಲಗಾಲು, ಬಿಸಿ ತಿಳೀದೆ ಇರೋದು ಎಡಗಾಲು. ಒಂದಕ್ಕೊಂದು ಸಂಬಂಧ ಬೇಡ್ವಾ ಸಿಸ್ಟರ್?" ಎಂದು ಮುಂದಿನ ರೋಗಿಯ ಕಡೆ ನಡೆದರು. ನಾನು ಹೊಸ ಪಿನ್ನೊಂದನ್ನು ತಂದು ಚುಚ್ಚಿ ನೋಡಿದೆ. ಎಡಗಾಲಿಗೆ ಸೊಂಟದವರೆಗೂ ಚುಚ್ಚಿದ್ದು ತಿಳಿಯಲಿಲ್ಲ, ಆದರೆ ಹತ್ತಿಯಿಂದ ಮುಟ್ಟಿದ್ದು ತಿಳಿಯಿತು. ಬಲಗಾಲಿಗೆ ಚುಚ್ಚಿದ್ದು ತಿಳಿಯಿತು. ಆದರೆ ಹೆಬ್ಬೆರಳನ್ನು ಮೇಲೆತ್ತಿದೆನೋ ಕೆಳಗಿಳಿಸಿದೆನೋ ಕಣ್ಣು ಮುಚ್ಚಿದಾಗ ಹೇಳಲಾಗಲಿಲ್ಲ. ಬೆನ್ನುಹುರಿಯ ಬಲಭಾಗವನ್ನು ಏನೋ ಒತ್ತುತ್ತಿದೆ. ಬಲಗಾಲನ್ನು ಆಡಿಸುವ ಆಜ್ಞೆ ಅದೇ ಬದಿಯಲ್ಲಿ ಇಳಿಯುವುದರಿಂದ ಆ ಕಾಲು ಸೋತಿದೆ. ನೋವು ಕೆಳಗೇ ದಾಟಿ ಬರುವುದರಿಂದ ಎಡಗಾಲಿನ ಸುದ್ದಿ ಅಲ್ಲಿ ಸಿಕ್ಕಿಹಾಕಿಕೊಂಡಿದೆ. ನೋವೂ ಮೆಡುಲ್ಲಾದಲ್ಲೇ ದಾಟುತ್ತದೆಂದು ನಂಬಿದವರಿಗೆ ಆಕೆ ಸುಳ್ಳುಗಾತಿಯಾಗಿಯೇ ಕಾಣುತ್ತಾಳೆ.

ವೈದ್ಯರ ಹಿಂದೆಯೇ ಹೋಗಿ, ಚೀಟಿಯ ಹಿಂಬದಿಯಲ್ಲಿ ಆ ಚಿತ್ರ ಬರೆದು ತೋರಿಸಿದೆ. ಅವರು ನೋಡಿದರು, ಒಳ್ಳೆಯ ಮನುಷ್ಯ, ಮುಖ ಕೆಂಪಾಯಿತು. ಅಂದೇ ಹಾಸನಕ್ಕೆ ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು. ಎದೆಯ ಮಟ್ಟದಲ್ಲಿ ಬೆನ್ನುಹುರಿಯ ಬಲಕ್ಕೆ ಗಡ್ಡೆಯಿತ್ತು. ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಿಗೆ ಚಿಕ್ಕಲಕ್ಷ್ಮಮ್ಮ ಕೋಲಿಲ್ಲದೆ ನಡೆದು ಬಂದು, "ನಾಟ್ಕ ಅಲ್ಲ ಅಂದ್ಯಲ್ಲವ್ವ, ಅಷ್ಟ್ ಸಾಕು" ಎಂದು ನನ್ನ ಕೈ ಹಿಡಿದುಕೊಂಡರು.

ನಾನು ಅಳುತ್ತಲೇ ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಸರಿ. ಆ ಪಿನ್ನನ್ನ ಆಮೇಲೆ ಬಿಸಾಕಿದ್ಯಾ, ಇಲ್ಲ ಇನ್ನೊಬ್ರಿಗೂ ಚುಚ್ಚಿದ್ಯಾ?"

ಕಳೆದ ವಾರ ಈ ಗ್ರಂಥಕ್ಕಾಗಿ ಅವರ ಭಾವಚಿತ್ರ ಕೇಳಲು ಮನೆಗೆ ಹೋಗಿದ್ದೆ. ಮಂಡಿನೋವಿದೆ, ಇನ್ನಾದರೂ ವಿಶ್ರಾಂತಿ ತೆಗೆದುಕೊಳ್ಳಿ ಎಂದೆ. ಅವರು ಭಾವಚಿತ್ರದ ಬದಲು ಒಂದು ವೇಳಾಪಟ್ಟಿ ಕೊಟ್ಟರು. ನೇಮಕಾತಿ ಪರೀಕ್ಷೆಗೆ ಓದುವ ಹುಡುಗಿಯರಿಗೆ ಅರಕಲಗೂಡಿನಲ್ಲಿ ಪ್ರತಿ ಭಾನುವಾರ ನರಮಂಡಲದ ಪಾಠ. ಬೆಳಗಿನ ತರಗತಿಯ ಮುಂದೆ ಅವರ ಹೆಸರು, ಮಧ್ಯಾಹ್ನದ ತರಗತಿಯ ಮುಂದೆ ನನ್ನದು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

"ಭಾನುವಾರ ನನಗೆ ಡ್ಯೂಟಿ ಇರುತ್ತೆ ಮೇಡಂ."

"ಬದಲಾಯಿಸ್ಕೋ."

ಬದಲಾಯಿಸಿಕೊಂಡಿದ್ದೇನೆ. ಇಂಥ ಲೇಖನದ ಕೊನೆಯಲ್ಲಿ ದೀರ್ಘಾಯುಷ್ಯವನ್ನು ಹಾರೈಸುವುದು ವಾಡಿಕೆ. ಹಾರೈಸುವ ಮುನ್ನ ನಾನು ಸ್ವಲ್ಪ ಯೋಚಿಸಬೇಕಾಯಿತು: ಮೇಡಂ ಇರುವಷ್ಟು ಕಾಲ ನನಗೆ ಒಂದು ಭಾನುವಾರವೂ ಉಳಿಯುವುದಿಲ್ಲ. ಉಳಿಯದಿದ್ದರೆ ಬೇಡ. ಅವರು ನೂರು ವರ್ಷ ಬಾಳಲಿ.