ಬಿಸಿಲಲ್ಲಿ ನಿಲ್ಲಿಸಿದ ಗಾಡಿ

"ಬಿಸಿಲಾಗ ಯಾಕ ನಿಲ್ಲಿಸೀರಿ, ಅಲ್ಲಿ ಬೇವಿನ ಮರ ಐತಲ್ರೀ" ಎಂದು ಇವತ್ತು ಬೆಳಗಿನಿಂದ ಮೂರು ಜನ ಹೇಳಿಹೋದರು. ಮರ ನನಗೂ ಕಾಣುತ್ತದೆ. ಐವತ್ತೆಂಟು ವರ್ಷ ಈ ಸೀಮೆಯ ಬಿಸಿಲಲ್ಲಿ ಬೆಂದವನಿಗೆ ನೆರಳು ಎಲ್ಲಿದೆ ಎಂದು ಯಾರೂ ತೋರಿಸಬೇಕಾಗಿಲ್ಲ. ಆದರೆ ಈಗ ಕೇಳಿದವರಿಗೆಲ್ಲ ಕಾರಣ ಬಿಡಿಸಿ ಹೇಳುತ್ತೇನೆ. ಹೇಳಿ ಹೇಳಿ ಬಾಯಿ ಸೋತಿದೆ. ಹೇಳದೆ ಇದ್ದಾಗ ಏನಾಯಿತೆಂದು ಗೊತ್ತಿರುವುದರಿಂದ ಸುಮ್ಮನಿರಲು ಧೈರ್ಯವಿಲ್ಲ.

ನಾನು ಜೇನು ಸಾಕುವವನು. ಮೂವತ್ತು ಪೆಟ್ಟಿಗೆಗಳಿವೆ. ಕೂಡ್ಲಿಗಿ ಕಡೆ ದಾಳಿಂಬೆ ಹೂ ಬಿಟ್ಟಾಗ ಅಲ್ಲಿಗೆ, ಹಡಗಲಿ ಕಡೆ ಸೂರ್ಯಕಾಂತಿ ಅರಳಿದಾಗ ಅಲ್ಲಿಗೆ, ಹೀಗೆ ಹುಳುಗಳನ್ನು ಹೊತ್ತುಕೊಂಡು ತಿರುಗುವುದೇ ಕೆಲಸ. ಹೂವಿಗೆ ಹುಳು ಕೂತರೆ ಕಾಯಿ ಹೆಚ್ಚು ಕಟ್ಟುತ್ತದೆಂದು ಹೊಲದವರೇ ನಮ್ಮಂಥವರನ್ನು ಕರೆಸುತ್ತಾರೆ. ಹೊಲದ ಅಂಚಿನಲ್ಲಿ ವಾರಗಟ್ಟಲೆ ಇರಬೇಕಾದ್ದರಿಂದ ಕೊಟ್ಟೂರಿನಲ್ಲಿ ಎರಡು ಗಾಲಿಯ ಮೇಲೆ ತಗಡಿನ ಒಂದು ಕೋಣೆ ಕಟ್ಟಿಸಿಕೊಂಡೆ. ಹಳೆಯ ಜೀಪಿನ ಹಿಂದೆ ಕಟ್ಟಿ ಎಳೆಯುತ್ತೇನೆ. ಒಳಗೆ ಒಂದು ಮಂಚ, ಒಂದು ಸ್ಟೌ, ಬಟ್ಟೆ ನೇತುಹಾಕಲು ನಾಲ್ಕು ಮೊಳೆ. ಹೆಂಡತಿ ಜೊತೆಗೆ ಬರುತ್ತಿದ್ದಳು. ನಾನು ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಹುಳು ಮುಖಕ್ಕೇ ಬರುತ್ತವೆ. ಅವಳು ಎತ್ತಿದರೆ ಸುಮ್ಮನಿರುತ್ತವೆ. ಇದರ ಬಗ್ಗೆ ನನಗೆ ಮೂವತ್ತು ವರ್ಷದಿಂದ ಹೊಟ್ಟೆಕಿಚ್ಚು.

ಅವಳಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಆ ಔಷಧ ತಣ್ಣಗಿರಬೇಕು. ಒದ್ದೆ ಮರಳಿನ ಗಡಿಗೆಯಲ್ಲಿ ಇಡುತ್ತಿದ್ದೆವು. ಹೋದ ವರ್ಷ ಬೇಸಿಗೆಯಲ್ಲಿ ಕಾನಹೊಸಹಳ್ಳಿ ಹತ್ತಿರ ಇದ್ದಾಗ ಗಡಿಗೆಯೂ ಕಾದು ಔಷಧ ಕೆಟ್ಟಿತು. ಅದು ನಮಗೆ ಗೊತ್ತಾಗಲಿಲ್ಲ. ಅವಳು ಚುಚ್ಚಿಕೊಳ್ಳುತ್ತಲೇ ಇದ್ದಳು, ಸಕ್ಕರೆ ಏರುತ್ತಲೇ ಇತ್ತು. ಕೊನೆಗೆ ಕೂಡ್ಲಿಗಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದಳು. ಮನೆಗೆ ಬಿಟ್ಟ ದಿನ ಬಸ್ಸಿನಲ್ಲಿ ಹೇಳಿದಳು.

"ಔಷಧ ತಣ್ಣಗ ಇಡೋದಾದ್ರ ನಿಮ್ಮ ಕೂಡ ಬರ್ತೀನ್ರಿ. ಇಲ್ಲಂದ್ರ ಹರಪನಹಳ್ಳ್ಯಾಗ ಅಕ್ಕನ ಮನಿ ಐತಿ, ಅಲ್ಲೇ ಇರ್ತೀನಿ."

ಅವಳು ಹೆದರಿಸುವವಳಲ್ಲ, ಹೇಳಿದ್ದನ್ನು ಮಾಡುವವಳು. ಅವಳಿಲ್ಲದೆ ಆ ತಗಡಿನ ಡಬ್ಬಿಯಲ್ಲಿ ಒಬ್ಬನೇ ಮಲಗುವುದನ್ನು ನೆನೆದು ನನಗೆ ನಿಜಕ್ಕೂ ಭಯವಾಯಿತು.

ಹಗರಿಬೊಮ್ಮನಹಳ್ಳಿಯಿಂದ ಎರಡು ಸೋಲಾರ್ ಪ್ಲೇಟು, ಒಂದು ಬ್ಯಾಟರಿ, ಮೊಣಕಾಲೆತ್ತರದ ಒಂದು ಫ್ರಿಜ್ ತಂದೆ. ಚಾವಣಿಗೆ ತೂತು ಕೊರೆದು ಪ್ಲೇಟು ಬಿಗಿದೆ. ಮೊದಲ ಮಳೆಯ ನೀರೆಲ್ಲ ಅದೇ ತೂತಿನಿಂದ ಹಾಸಿಗೆಗೆ ಸುರಿಯಿತು. ಬಿಚ್ಚಿ, ರಬ್ಬರ್ ವಾಷರ್ ಹಾಕಿ ಮತ್ತೆ ಬಿಗಿದೆ. ಬ್ಯಾಟರಿಯನ್ನು ಮೂಲೆಯಲ್ಲಿಟ್ಟರೆ ಗಾಡಿ ಆ ಕಡೆಗೆ ವಾಲಿತು. ಅದನ್ನು ಎತ್ತಿ ಮಂಚದ ಕೆಳಗೆ ನಡುವಿಗೆ ತಂದೆ, ನನ್ನ ಸೊಂಟ ಹಿಡಿದುಕೊಂಡಿತು. ಅಂತೂ ಫ್ರಿಜ್ಜಿನ ಹಸಿರು ದೀಪ ಹತ್ತಿತು. ಅವಳು ಬಾಗಿಲು ತೆಗೆದು ಒಳಗೆ ಕೈಯಿಟ್ಟು ಸುಮಾರು ಹೊತ್ತು ಹಾಗೇ ಕೂತಳು.

"ತಣ್ಣಗೈತ್ರಿ" ಎಂದಳು. ಸದ್ಯ, ನಾನು ಬದುಕಿದೆ ಎಂದುಕೊಂಡೆ.

ತಾಪತ್ರಯ ಆಮೇಲೆ ತಿಳಿಯಿತು. ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಕರೆಂಟು ಇಳಿದುಬಿಡುತ್ತದೆ. ಹಾಗಾಗಿ ಜೇನುಪೆಟ್ಟಿಗೆ ಮರದ ಕೆಳಗೆ, ನಮ್ಮ ಮನೆ ಬಟಾಬಯಲಲ್ಲಿ. ಮಧ್ಯಾಹ್ನ ಒಳಗೆ ಕಾಲಿಟ್ಟರೆ ರೊಟ್ಟಿ ಹಂಚಿನ ಮೇಲೆ ನಿಂತಂತೆ ಆಗುತ್ತಿತ್ತು. ಇಬ್ಬರೂ ಹುಳುಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು ನಮ್ಮ ಮನೆಯನ್ನು ದೂರದಿಂದ ನೋಡುತ್ತಿದ್ದೆವು. "ಫ್ರಿಜ್ಜಿಗೆ ಮನಿ ಕಟ್ಟೀರಿ, ನಮಗ ಚಾಪಿ" ಎಂದು ಅವಳು ನಗುತ್ತಿದ್ದಳು.

ಗಾಡಿ ಬಿಸಿಲಲ್ಲೇಕೆ ಎಂದು ಹೊಲದವರು ಕೇಳಿದರೆ, "ಮಶೀನಿಂದು ಏನೋ ಐತ್ರಿ" ಎಂದು ಹಾರಿಸುತ್ತಿದ್ದೆ. ಹೆಂಡತಿಗೆ ಜಡ್ಡು ಎಂದು ತಿಳಿದರೆ, ಇವನು ಹೂವಿನ ಕಾಲದಲ್ಲೇ ಪೆಟ್ಟಿಗೆ ಎತ್ತಿಕೊಂಡು ಹೊರಟಾನು ಎಂದು ಬೇರೆ ಜೇನಿನವರನ್ನು ಕರೆಸಿಯಾರೆಂಬ ಹೆದರಿಕೆ. ನಾನು ಹೀಗೆ ಹೇಳಿಕೊಂಡು ತಿರುಗುವುದು ಅವಳಿಗೆ ಗೊತ್ತಿರಲಿಲ್ಲ.

ಈ ಸಲ ಇಟ್ಟಿಗಿ ಹತ್ತಿರ ಸೂರ್ಯಕಾಂತಿ ಹೊಲಕ್ಕೆ ಹೋಗಿದ್ದೆವು. ಹೊಲದ ಯಜಮಾನ ಒಳ್ಳೆಯ ಮನುಷ್ಯ, ತೊಂದರೆಯಾದದ್ದೂ ಅದರಿಂದಲೇ. ಅವಳ ಅಕ್ಕನ ಮಗಳ ಮದುವೆಗೆಂದು ಮೂರು ದಿನ ಹರಪನಹಳ್ಳಿಗೆ ಹೋದೆವು. ಅಷ್ಟು ದಿನಕ್ಕೆ ಬೇಕಾದ ಔಷಧವನ್ನು ಅವಳು ಜೊತೆಗೆ ತಂದಿದ್ದಳು, ಉಳಿದ ಶೀಷೆಗಳೆಲ್ಲ ಫ್ರಿಜ್ಜಿನಲ್ಲಿದ್ದವು. ಮರಳಿ ಬಂದು ನೋಡಿದರೆ ಬಯಲಲ್ಲಿ ಗಾಡಿ ಇಲ್ಲ. ಆಚೆ ದೊಡ್ಡ ಹುಣಸೆ ಮರದ ಕೆಳಗೆ ತಂಪಾಗಿ ನಿಂತಿತ್ತು. ಯಜಮಾನ ನಗುತ್ತ ಬಂದ.

"ನಿಮ್ಮ ಮನಿ ಕಾದು ಹಂಚಾಗಿತ್ರಿ. ನೋಡಾಕ ಆಗಲಿಲ್ಲ. ನೀವು ಹೋದ ದಿನಾನ ಟ್ರ್ಯಾಕ್ಟರಿಗೆ ಕಟ್ಟಿ ನೆಳ್ಳಿಗೆ ಎಳಕೊಂಡು ಬಂದೆ. ಮ್ಯಾಲೆ ನೀರೂ ಹೊಡದೀನಿ."

ಹೆಂಡತಿ ಅಷ್ಟರಲ್ಲಿ ಒಳಗಿದ್ದಳು. ಫ್ರಿಜ್ಜಿನ ದೀಪ ಆರಿತ್ತು. ಒಂದು ಶೀಷೆಯನ್ನು ಕೆನ್ನೆಗೆ ಒತ್ತಿ ನೋಡಿ, ಹಾಗೇ ಹಿಡಿದುಕೊಂಡು ಹೊರಗೆ ಬಂದಳು.

"ಇದು ಸಕ್ಕರಿ ಔಷಧ ಅಣ್ಣಾರ. ತಣ್ಣಗ ಇರಬೇಕಿತ್ತು. ಅದಕ್ಕ ಬಿಸಿಲಾಗ ನಿಲ್ಲಿಸಿದ್ವಿ" ಎಂದಳು.

ಅವನ ಮುಖ ಸಣ್ಣದಾಯಿತು. "ಅಯ್ಯೋ, ನಮ್ಮವ್ವಗೂ ಇದೇ ಜಡ್ಡು ಐತವ್ವಾ. ಆಕೀ ಔಷಧ ಮನ್ಯಾಗಿನ ಫ್ರಿಜ್ಜಿನ್ಯಾಗ ಇರ್ತೈತಿ. ಒಂದು ಮಾತು ಹೇಳಿದ್ರ ನಿಮ್ಮದೂ ಅಲ್ಲೇ ಇಡ್ತಿದ್ವಿ. ಇವರನ್ನ ಕೇಳಿದೆ, ಮಶೀನಿಂದು ಏನೋ ಅಂದ್ರು."

ಅವಳು ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಕೆಟ್ಟಿದೆಯೋ ಇಲ್ಲವೋ ತಿಳಿಯದ ಶೀಷೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿದಳು, ಎರಡು ಸೀರೆ ಮಡಚಿದಳು.

"ಬಿಸಿಲಾಗ ಕೂತೀನಿ, ಚಾಪಿ ಮ್ಯಾಲೆ ಕೂತೀನಿ, ಬ್ಯಾಸರಾ ಮಾಡಿಕೊಂಡಿಲ್ಲ" ಎಂದಳು. "ನಾ ಏನ್ ಕದ್ದ ಮಾಲೇನ್ರೀ, ಮುಚ್ಚಿಡಾಕ?"

ಹಡಗಲಿಗೆ ಕರೆದೊಯ್ದು ಹೊಸ ಔಷಧ ಕೊಡಿಸಿ ಹರಪನಹಳ್ಳಿ ಬಸ್ಸು ಹತ್ತಿಸಿದೆ. ಕಿಟಕಿಯಿಂದ, "ಸೊಂಟಕ್ಕ ಎಣ್ಣಿ ಹಚ್ಚಿಕೊಳ್ರಿ" ಎಂದಳು. ನಾಚಿಕೆಯಿಂದ ಸತ್ತುಹೋದೆ.

ಈಗ ಕೂಡ್ಲಿಗಿ ಹತ್ತಿರ ದಾಳಿಂಬೆ ತೋಟದಲ್ಲಿದ್ದೇನೆ. ಗಾಡಿಯನ್ನು ಬಿಸಿಲಲ್ಲೇ ನಿಲ್ಲಿಸುತ್ತೇನೆ. ದಿನಾ ಬೆಳಿಗ್ಗೆ ಪ್ಲೇಟಿನ ಧೂಳು ಒರೆಸುತ್ತೇನೆ. ಹಸಿರು ದೀಪ ಉರಿಯುತ್ತದೆ, ಫ್ರಿಜ್ಜಿನ ಒಳಗೆ ಏನೂ ಇಲ್ಲ. ಒಂದು ಮಜ್ಜಿಗೆ ತಂಬಿಗೆ ಇಡೋಣವೆಂದು ತೆಗೆದೆ, ಮನಸ್ಸಾಗಲಿಲ್ಲ, ಮುಚ್ಚಿದೆ. ಹುಳುಗಳು ನನ್ನನ್ನು ಕಚ್ಚುತ್ತಲೇ ಇವೆ. ಬಹಳ ದಣಿದಿದ್ದೇನೆ.

ಇವತ್ತು ಮಧ್ಯಾಹ್ನ ಅವಳ ಫೋನು ಬಂತು.

"ಫ್ರಿಜ್ ನಡದೈತೇನ್ರಿ?"

"ನಡದೈತಿ. ಬಿಸಿಲಾಗ ನಿಲ್ಲಿಸೀನಿ."

"ಯಾರಾದ್ರೂ ಕೇಳಿದ್ರೇನು?"

"ಮೂರು ಮಂದಿ ಕೇಳಿದ್ರು."

"ಏನಂದ್ರಿ?"

"ನನ್ನ ಹೆಂಡ್ತಿಗೆ ಸಕ್ಕರಿ ಜಡ್ಡು ಐತಿ, ಆಕೀ ಔಷಧ ಇಡಾಕ ಅಂದೆ."

ಆ ಕಡೆ ಅಕ್ಕನ ಮನೆಯ ಮಿಕ್ಸಿಯ ಸದ್ದು ಕೇಳುತ್ತಿತ್ತು.

"ಇನ್ನೂ ನಾಕು ಮಂದಿಗೆ ಹೇಳ್ರಿ" ಎಂದಳು. "ಆಮ್ಯಾಲೆ ನೋಡ್ತೀನಿ."

ಫೋನು ಇಟ್ಟು, ಚಾಪೆಯನ್ನು ರಸ್ತೆಗೆ ಕಾಣುವ ಕಡೆ ಎಳೆದುಕೊಂಡು ಕೂತಿದ್ದೇನೆ. ಯಾರಾದರೂ ಬಂದು ಕೇಳಲಿ ಎಂದು.