ಕಾಲೇಜಿಗೂ ಬೇಕಿದ್ದ ಸರ್ಟಿಫಿಕೇಟು

ಗ್ರೀನ್ ಲೈನ್ ಮೆಟ್ರೋ ಕೊಲ್ಲಿ ನಾಡಿನ ನಮ್ಮ ಬಡಾವಣೆ ಅಲ್ ಕುಸೈಸ್‌ಗೆ ಬಂದ ಹೊಸತು. ಅಲ್ ಕೂಜ್‌ನ ಟೈಲ್ಸ್ ಗೋದಾಮಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಒಬ್ಬ ಚೀನೀ ಹುಡುಗಿಯದು. ಇಬ್ಬರಿಗೂ ಒಂದೇ ಹುದ್ದೆಯ ಮೇಲೆ ಕಣ್ಣು: ಇಂಪೋರ್ಟ್ ವಿಭಾಗದ ಇನ್‌ಚಾರ್ಜ್. ಅದಕ್ಕೆ ಅಟೆಸ್ಟ್ ಆದ, ಅಂದರೆ ಸರ್ಕಾರಿ ಮೊಹರು ಬಿದ್ದ ಡಿಗ್ರಿ ಬೇಕು. ನನ್ನದು ಅಂಚೆ ತೆರಪಿನ ಬಿ.ಕಾಂ. ಇಲ್ಲಿ ಅದು ನಡೆಯುವುದಿಲ್ಲ, ಖಲಾಸ್.

ಅವಳು ಸೇರಿದ್ದೂ ತನ್ನ ಊರಿನ ಒಂದು ಸಾದಾ ತಾಂತ್ರಿಕ ಕಾಲೇಜಿಗೆ. ಓದುತ್ತಿರುವಾಗಲೇ ಅವರ ಸರ್ಕಾರ ಸುತ್ತಲಿನ ಕಾಲೇಜುಗಳನ್ನೆಲ್ಲ ಕೂಡಿಸಿ ವಿಶ್ವವಿದ್ಯಾಲಯ ಮಾಡಿತಂತೆ. ಹೊಸ ಸಿಲೆಬಸ್, ಹೊರದೇಶದ ಮೇಷ್ಟ್ರು, ಆರಂತಸ್ತಿನ ಲೈಬ್ರರಿ.

"ಸೇಮ್ ಕ್ಲಾಸ್‌ರೂಮ್, ಸೇಮ್ ಬೆಂಚ್. ಗೇಟ್ ಬೋರ್ಡ್ ಓನ್ಲೀ ಚೇಂಜ್!" ಎಂದು ಫೋನಿನಲ್ಲಿ ಫೋಟೋ ತೋರಿಸಿ ನಕ್ಕಳು.

ನಾನೂ ನಕ್ಕೆ. ಆದರೆ ಹೊಟ್ಟೆಕಿಚ್ಚು ತಡೆಯಲಿಲ್ಲ. ನಾನು ಮಗುವಿಗೆ ಹಾಲೂಡಿಸುತ್ತಾ ಓದಿ ಪಾಸಾದದ್ದು ಲೆಕ್ಕಕ್ಕಿಲ್ಲ. ಇವಳು ಕೂತ ಬೆಂಚಿನಲ್ಲೇ ಕೂತು ಯೂನಿವರ್ಸಿಟಿಯವಳಾದಳು!

ಮನೆಯಲ್ಲಿ ಗಂಡನಿಗೆ ತಮಾಷೆ. "ಅವರ ದೇಶ ಕಾಲೇಜು ಸುಧಾರಿಸಿದ್ರೆ ನಿನ್ನ ಹೊಟ್ಟೆ ಉರಿಯುದು ಎಂತಕ್ಕೆ ಮಾರಾಯ್ತಿ?"

"ಉರೀತದೆ. ಎಂತ ಮಾಡ್ಲಿ?" ಎಂದೆ.

ಅಟೆಸ್ಟ್ ಮಾಡಿಸಲು ಅವಳ ಕಡತ ಜೋಡಿಸುವ ಕೆಲಸವೂ ನನಗೇ ಬಂತು. ಅಂಕಪಟ್ಟಿಯಲ್ಲಿ ಹಳೆಯ ಕಾಲೇಜಿನ ಹೆಸರು, ಡಿಗ್ರಿಯಲ್ಲಿ ಹೊಸದು. ಇದು ವಾಪಸು ಬರುತ್ತದೆಂದು ನೋಡಿದ ಕೂಡಲೇ ಗೊತ್ತಾಯಿತು. ನಮ್ಮವರಿಗೆ ಇನಿಶಿಯಲ್ಲಿನ ರಗಳೆ ಹೊಸದೇ? ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಈ ಇಬ್ಬರೂ ಒಬ್ಬಳೇ ಎಂಬ ಸರ್ಟಿಫಿಕೇಟಿಗಾಗಿ ಚಪ್ಪಲಿ ಸವೆಸಿದವಳು ನಾನು. ಅವಳ ಕಾಲೇಜಿಗೂ ಅಂಥದ್ದೇ ಒಂದು ಪತ್ರ ಬೇಕಿತ್ತು. ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ.

ಕಡತ ವಾಪಸು ಬಂತು. ಇಬ್ಬರ ಕಾಗದವೂ ಸರಿಯಿಲ್ಲವೆಂದಾದರೆ ಹಳಬಳೇ ಆಗಲಿ ಎಂದು ಯಜಮಾನರು ಹುದ್ದೆಯನ್ನು ನನಗೆ ಕೊಟ್ಟರು. ಅವಳು ಕೈಕುಲುಕಿ, ಯಾವ ಕಾಗದ ಕಡಿಮೆಯಾಯಿತು ಎಂದು ಕೇಳಿದಳು. ಖುಷಿಯಲ್ಲಿ ಮೈಮರೆತು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಯು ನೋ ಬಿಫೋರ್?" ಎಂದಳು.

ಥೂ, ನನ್ನ ಬಾಯಿಯೇ! ಹೌದೆಂದು ತಲೆಯಾಡಿಸಿದೆ.

ಅವಳು ಜಗಳಕ್ಕೆ ಬರಲಿಲ್ಲ. ವಿಶ್ವವಿದ್ಯಾಲಯಕ್ಕೆ ಬರೆದು ಪತ್ರ ತರಿಸಿಕೊಂಡಳು, ಡಿಗ್ರಿ ಅಟೆಸ್ಟ್ ಮಾಡಿಸಿದಳು, ಅಬುಧಾಬಿಯಲ್ಲಿ ನಮ್ಮದಕ್ಕಿಂತ ದೊಡ್ಡ ಕಂಪನಿಗೆ ಮ್ಯಾನೇಜರಾಗಿ ಹೋದಳು. ನಾನು ಇಲ್ಲಿ ಇನ್‌ಚಾರ್ಜ್ ಕುರ್ಚಿಯಲ್ಲಿ ಕೂತು ಇನ್ನೂ ಅವಳನ್ನು ನೆನೆದು ಉರಿಯುತ್ತಿದ್ದೇನೆ.